ಅತ್ತೆ ಮಾವ ಒಂದೇ ಫೋಟೋದಲ್ಲಿ

ಹುಡುಗಿಯರೇ, ನಮ್ಮ ಅತ್ತೆ ಮಾವ ಕೊನೆಗೂ ಒಂದೇ ಫೋಟೋದಲ್ಲಿ ಪಕ್ಕಪಕ್ಕ ಬಂದುಬಿಟ್ಟರು! ಎಲ್ಲವೂ ನನ್ನ ಮದುವೆಗೆ ಅಣ್ಣ ಕೊಟ್ಟ ಮುದ್ದು ಪ್ಲಾಸ್ಟಿಕ್ ಕ್ಯಾಮೆರಾದ ಕೃಪೆ.

ಹೋದ ತಿಂಗಳು ಎಷ್ಟು ಗೋಗರೆದರೂ ಅತ್ತೆ ಒಪ್ಪಿರಲಿಲ್ಲ. "ಸೊಸೆ ಮುಂದೆ ಗಂಡನ ಪಕ್ಕ ನಿಂತ್ಕೊಳಾದಾ? ಊರು ನಗ್ತದೆ ಕಣವ್ವಾ!" ಮಾವ ಜಗಲಿಯ ಎಡಗಡೆ ಕೂತು ಫೋಟೋ ತೆಗೆಸಿಕೊಂಡು ಹೊಗೆಸೊಪ್ಪಿನ ಹೊಲಕ್ಕೆ ಹೋದ ಮೇಲೆಯೇ ಅತ್ತೆ ಬಂದು ಬಲಗಡೆ ನಿಂತರು. ನಡುವೆ ಫಿಲ್ಮ್ ಸುತ್ತುವುದನ್ನು ನಾನು ಮರೆತಿದ್ದೆ. ಈ ಕ್ಯಾಮೆರಾ ಪಾಪ, ಸುತ್ತದಿದ್ದರೂ ಬೇಡ ಎನ್ನದೆ ಫಿಲ್ಮಿನ ಅದೇ ಜಾಗದಲ್ಲಿ ಒಂದರ ಮೇಲೊಂದು ಫೋಟೋ ತೆಗೆದುಬಿಡುತ್ತದೆ!

ಇವತ್ತು ಫೋಟೋ ಬಂತು. ಇಬ್ಬರೂ ಮಂಜಿನಷ್ಟು ತೆಳ್ಳಗೆ, ಒಂದೇ ಜಗಲಿಯಲ್ಲಿ. ಕಂಬ ಮಾತ್ರ ಎರಡಾಗಿದೆ. "ಮೂವತ್ತು ವರ್ಸಕ್ಕೆ ಪಕ್ಕಕ್ಕೆ ಬಂದ್ಲು ನೋಡವ್ವಾ" ಎಂದು ಮಾವ ನಕ್ಕರು.

"ನಾನೆಲ್ಲಿ ಬಂದೆ? ಆ ಡಬ್ಬ ಸುಳ್ಳು ಯೋಳ್ತದೆ!" ಎಂದು ಅತ್ತೆ ಒಳಗೆ ನಡೆದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಅದ್ನ ದೊಡ್ದಾಗಿ ಮಾಡ್ಸವ್ವಾ. ನಾನಂದೆ ಅಂತ ಅವ್ರಿಗೆ ಯೋಳ್ಬ್ಯಾಡ."

ದೊಡ್ಡದು ಮಾಡಿಸಲು ಮೈಸೂರಿಗೇ ಬರಬೇಕಂತೆ. ಮಾವ ಕೇಳಿದರೆ ನಿಮ್ಮನ್ನೆಲ್ಲ ನೋಡಲು ಬಂದೆ ಎಂದೇ ಲೆಕ್ಕ: ಶನಿವಾರ, ಕೆ.ಆರ್. ನಗರದಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.