ತಪಾಸಣೆಗೆ ಬಂದವರಿಗೆ ಬಡಿಸಿದ ಊಟ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಇತ್ತು ಎಂದು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ. ಮುಂದೆ ಬಾಡಿಗೆಯ ಮಳಿಗೆ, ಹಿಂದೆ ನಾವಿರುವ ಒಂದು ಕೋಣೆ. ನಾನೂ ಅತ್ತೆಯೂ ರೊಟ್ಟಿ ಬಡಿಯುತ್ತಿದ್ದೆವು. ನನ್ನ ಗಂಡ ಸಂತೆ ಮಾಡಿ, ನೀರು ಹೊತ್ತು, ಬಡಿಸುತ್ತಿದ್ದರು. ಬಸ್ಸಿನ ಡ್ರೈವರು ಕಂಡಕ್ಟರುಗಳು, ಮೆಕ್ಕೆಜೋಳ ಮಾರಲು ಬಂದ ರೈತರು, ತಾಲ್ಲೂಕು ಕಚೇರಿಯ ಮುಂದೆ ಕಾದು ಕಾದು ಹೊಟ್ಟೆ ಹಸಿದವರು, ಮೈಲಾರದ ಜಾತ್ರೆಗೆ ಹೊರಟವರು ನಮ್ಮ ಗಿರಾಕಿಗಳು.

ಅತ್ತೆಯದೊಂದು ಕಟ್ಟಳೆ ಇತ್ತು. ಊಟದ ಹೊತ್ತಿಗೆ ಹೊಸ್ತಿಲು ತುಳಿದವರು ಉಣ್ಣದೆ ಹೋಗಬಾರದು. ದುಡ್ಡು ಇದೆಯೋ ಇಲ್ಲವೋ, ಅದು ಆಮೇಲಿನ ಮಾತು. ಉಪವಾಸ ಕಳಿಸಿದರೆ ಖಾನಾವಳಿಯ ಒಲೆ ಮುನಿಯುತ್ತದೆ ಎಂದು ಅವರ ನಂಬಿಕೆ.

"ಒಲಿ ಮುನಿಯೂದಿಲ್ಲ ಅತ್ತಿ, ಕಿರಾಣಿ ಅಂಗಡಿಯವ ಮುನೀತಾನ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ನಗುತ್ತಲೇ ಇನ್ನೊಂದು ರೊಟ್ಟಿ ಬಡಿಯುತ್ತಿದ್ದರು.

ಎರಡನೆಯ ಸಲ ಲಾಕ್‌ಡೌನ್ ಆದಾಗ ಬಸ್ಸುಗಳು ನಿಂತವು. ನಮ್ಮ ಓಣಿಗೆ ನಾಯಿಯೂ ಬರಲಿಲ್ಲ. ಪಾರ್ಸಲ್ ಕೊಡಬಹುದು ಎಂದು ಸರ್ಕಾರ ಹೇಳಿತು. ಜನರೆಲ್ಲ ಮನೆಯಲ್ಲೇ ಕುಳಿತು ಅವರವರ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿರುವಾಗ ಪಾರ್ಸಲ್ ಯಾರಿಗೆ ಕೊಡುವುದು?

ಕ್ಷೌರಿಕರಿಗೆ, ಮಡಿವಾಳರಿಗೆ, ದರ್ಜಿಗಳಿಗೆ, ಆಟೋದವರಿಗೆ, ತಳ್ಳುಗಾಡಿಯವರಿಗೆ ನೆರವು ಕೊಡುತ್ತಾರೆಂದು ಟಿ.ವಿ.ಯಲ್ಲಿ ಬಂತು. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಸಿಕ್ಕಿದ್ದು ಅವರಿಗೂ ಸಾಲಲಿಲ್ಲ. ಆದರೆ ನಾವು ಯಾವ ಸಾಲಿನಲ್ಲೂ ಇರಲಿಲ್ಲ. ಬೀದಿ ವ್ಯಾಪಾರಿಗಳೆನ್ನಲು ತಲೆಯ ಮೇಲೆ ಸೂರಿತ್ತು. ಹೋಟೆಲಿನವರೆನ್ನಲು ಅದು ಹೋಟೆಲೇ ಅಲ್ಲ. ಕೂಲಿಯವರೆನ್ನಲು ನಾವೇ ಮಾಲೀಕರು. ಗಂಜಿ ಕುಡಿಯುವ ಮಾಲೀಕರು!

ಬಾಡಿಗೆ ಕೊಡಿ, ಇಲ್ಲವೇ ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಳಿಗೆಯ ಯಜಮಾನ ಹೇಳಿಹೋಗಿದ್ದ. ನಾನು ಕಚೇರಿಗೆ ಅಲೆದೆ. ಕೊನೆಗೆ ಅಲ್ಲಿನ ಗುಮಾಸ್ತರೊಬ್ಬರು, "ಪೂರ್ತಿ ಬಂದ್ ಆದ ಅಂಗಡಿ ಅಂತ ಅರ್ಜಿ ಕೊಡು ತಂಗಿ. ತಪಾಸಣೆಗೆ ಒಬ್ಬರು ಬರ್ತಾರ. ಬಂದ್ ಐತಿ ಅಂತ ಅವರು ಬರದ್ರ ಏನಾರ ಸಿಕ್ಕೀತು" ಎಂದರು. ಅದು ಸಿಕ್ಕರೆ ಬಾಡಿಗೆ ತೀರುತ್ತಿತ್ತು, ಖಾನಾವಳಿ ಉಳಿಯುತ್ತಿತ್ತು. ನಮಗೆ ಬೇಕಿದ್ದದ್ದು ಅಷ್ಟೇ.

ತಪಾಸಣೆಯವನು ಬಂದದ್ದು ಮಟಮಟ ಮಧ್ಯಾಹ್ನ. ಇನ್ನೂ ಎಳೆಯ ವಯಸ್ಸು, ಬೆವರಿಗೆ ಮಾಸ್ಕು ಮುಖಕ್ಕೆ ಅಂಟಿತ್ತು. ಬೆಳಿಗ್ಗೆ ಹಡಗಲಿಯಿಂದ ಬೈಕಿನಲ್ಲಿ ಹೊರಟವನು, ದಾರಿಯಲ್ಲಿ ಎಲ್ಲೂ ಒಂದು ಲೋಟ ಚಹಾ ಸಿಗಲಿಲ್ಲ ಎಂದ. ಆ ಮಾತು ಅತ್ತೆಯ ಕಿವಿಗೆ ಬಿತ್ತು. ಮುಗಿಯಿತು.

"ಯಪ್ಪಾ, ಹಸದು ಬಂದೀಯಲ್ಲೋ! ಕುಂದ್ರು, ಒಂದು ಗಳಿಗ್ಯಾಗ ರೊಟ್ಟಿ ಬಡೀತೀನಿ."

"ಬ್ಯಾಡ್ರಿ ಅಮ್ಮಾರ, ನಿಮ್ಮ ಅಂಗಡಿ ಬಂದ್ ಐತೆಲ್ಲ."

"ಅಂಗಡಿ ಬಂದ್ ಐತಿ, ನಾ ಬಂದ್ ಆಗೀನೇನು?"

ಶಟರ್ ಎತ್ತಿಸಿದರು. ತಣ್ಣಗೆ ಬಿದ್ದಿದ್ದ ದೊಡ್ಡ ಒಲೆಗೆ ಕುಂಕುಮ ಹಚ್ಚಿ ಬೆಂಕಿ ಹಾಕಿದರು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಜೋಳದ ಹಿಟ್ಟು ಹೊರಗೆ ಬಂತು, ಬದನೆಕಾಯಿ ಪಕ್ಕದ ಮನೆಯಿಂದ ಬಂತು. ಮಳಿಗೆ ಭಣಭಣ ಅನ್ನಬಾರದೆಂದು ತಟ್ಟೆಗಳನ್ನೆಲ್ಲ ಬೆಳಗಿ ಸಾಲಾಗಿ ಇಡಲು ನನಗೆ ಹೇಳಿದರು. ಸುಳ್ಳೇಕೆ, ನನಗೂ ಖುಷಿಯಾಯಿತು. ಆ ಹೊಗೆ, ಆ ರೊಟ್ಟಿ ಬಡಿಯುವ ಸಪ್ಪಳ ಎರಡಕ್ಕೂ ನಾನು ಹಂಬಲಿಸಿದ್ದೆ. ನನ್ನ ಗಂಡನಂತೂ ಹೆಗಲಿಗೆ ಟವೆಲ್ ಹಾಕಿಕೊಂಡು, ನಿತ್ಯದ ಗಿರಾಕಿ ಬಂದಂತೆ ನಿಂತೇಬಿಟ್ಟರು.

ಆತ ಹೊಟ್ಟೆತುಂಬ ಉಂಡ. ದುಡ್ಡು ಕೊಡಲು ಬಂದ, ಅತ್ತೆ ಮುಟ್ಟಲಿಲ್ಲ. ಅವರಿಗೆ ಕೈ ಮುಗಿದ. ಆಮೇಲೆ ಮೊಬೈಲ್ ತೆಗೆದು ನಾಲ್ಕೂ ಕಡೆಯ ಫೋಟೋ ಹೊಡೆದುಕೊಂಡ. ಬಂದುಹೋದ ಗುರುತಿಗೆ ಬೇಕಂತೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಆಗ ನಮಗ್ಯಾರಿಗೂ ಅದು ಹೊಳೆಯಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಒಲೆಯ ಪಕ್ಕ ನಿಂತು ನಕ್ಕರು ಕೂಡ.

ವಾರ ಕಳೆದು ಕಚೇರಿಗೆ ಹೋದೆ. ಅದೇ ಗುಮಾಸ್ತರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಉರಿಯುವ ಒಲೆ, ಬುಟ್ಟಿಯಲ್ಲಿ ರೊಟ್ಟಿ, ಸಾಲು ತಟ್ಟೆ, ಟವೆಲ್ ಹಾಕಿದ ನನ್ನ ಗಂಡ, ನಗುವ ಅತ್ತೆ. ಕೆಳಗೆ ಬರೆದಿತ್ತು: ಖಾನಾವಳಿ ನಡೆಯುತ್ತಿದೆ. ಊಟ ಚೆನ್ನಾಗಿದೆ.

"ಅವತ್ತು ಅವರಿಗೇ ಅಂತ ಮಾಡಿದ್ವಿ ಸರ್. ಅವರು ಹಸದಿದ್ರು."

"ಅದನ್ನ ನಾ ಎಲ್ಲಿ ಬರೀಲಿ ತಂಗಿ? ಅದಕ್ಕ ಇಲ್ಲಿ ಜಾಗನ ಇಲ್ಲ."

ಅವರು ಕೆಟ್ಟವರಲ್ಲ. ಉಂಡು ಹೋದವನೂ ಕೆಟ್ಟವನಲ್ಲ. ನಮಗೆ ಒಳ್ಳೆಯದಾಗಲಿ ಎಂದೇ ಹೊಗಳಿ ಬರೆದಿರಬೇಕು. ಯಾರ ಮೇಲೆ ಕೂಗಾಡಬೇಕು ತಿಳಿಯದೆ ನನ್ನ ಸಿಟ್ಟು ಇನ್ನೂ ಏರಿತು. ದಾರಿಯಲ್ಲಿ ಅದು ಅತ್ತೆಯ ಕಡೆಗೇ ತಿರುಗಿತು. ನಿಮ್ಮ ಕಟ್ಟಳೆಯೇ ಖಾನಾವಳಿಯನ್ನು ನುಂಗಿತು ಎಂದು ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಓಣಿಗೆ ಬಂದೆ.

ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ನನ್ನ ಮುಖ ನೋಡಿದರು.

"ಆಗಲಿಲ್ಲೇನು?"

"ಇಲ್ಲ ಅತ್ತಿ."

ಸಣ್ಣ ದನಿಯಲ್ಲಿ ಕೇಳಿದರು, "ಅವತ್ತು ಪಲ್ಯಕ್ಕ ಉಪ್ಪು ಹೆಚ್ಚಾಗಿತ್ತೇನವ್ವಾ? ಕೈ ರೂಢಿ ತಪ್ಪಿತ್ತು ನಂದು. ಆ ಹುಡುಗ ಬಾಯಿಬಿಟ್ಟು ಹೇಳಲಿಲ್ಲ."

ನಾನೂ ಹೊಸ್ತಿಲ ಮೇಲೆ ಅವರ ಪಕ್ಕ ಕುಳಿತೆ.

"ಇಲ್ಲ ಅತ್ತಿ, ಊಟ ಭಾಳ ಚೊಲೋ ಆಗಿತ್ತು. ಹಂಗಂತನ ಬರದಾರ."

"ಬರದಾರಾ?" ಅತ್ತೆಯ ಮುಖ ಅರಳಿತು. "ಮತ್ತ ಯಾಕ ಕೊಡಲಿಲ್ಲಂತ?"

ತಿಂಗಳ ಕೊನೆಗೆ ಒಲೆ ಒಡೆದು ಮಳಿಗೆಯ ಕೀಲಿ ಕೊಟ್ಟೆವು.