ಕಣದ ಬಿಸಿಲಿನಲ್ಲಿ ಕಂಬಳಿ ಹೊದ್ದ ಮಗು

ಕೋವಿಡ್ ಗದ್ದಲ ಮುಗಿದ ಮೇಲೆ ಬಂದ ಎರಡನೇ ಚಳಿಗಾಲ ಅದು. ಸೊರಬ ತಾಲ್ಲೂಕಿನಲ್ಲಿ, ಉಳವಿಯ ಆಚೆಗಿನ ಒಂದು ಉಪಕೇಂದ್ರದಲ್ಲಿ ನಾನು ಎಎನ್‌ಎಂ ಆಗಿದ್ದೆ. ಅಂದರೆ ಹಳ್ಳಿ ಸುತ್ತಿ ಬಸುರಿ, ಬಾಣಂತಿ, ಕೂಸುಗಳ ಆರೋಗ್ಯ ನೋಡುವ ನರ್ಸ್. ನಿವೃತ್ತಿ ಹತ್ತಿರವಿತ್ತು. ನಾನು ಶಿಕಾರಿಪುರದವಳು, ಮಾತು ಸ್ವಲ್ಪ ಒರಟು. ಈ ಕಡೆಯವರು ಮೆತ್ತಗೆ ಮಾತಾಡುತ್ತಾರೆ, ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾರೆ, ಕೊನೆಗೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಇದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು.

ಬಳ್ಳಿಗಾವಿಯ ಹುಡುಗಿ ಶ್ರುತಿ ತವರಿನಲ್ಲಿ ಬಾಣಂತನ ಮುಗಿಸಿ, ಮೂರೂವರೆ ತಿಂಗಳ ಗಂಡು ಮಗುವಿನೊಂದಿಗೆ ಗಂಡನ ಮನೆಗೆ ಬಂದಿದ್ದಳು. ಅತ್ತೆ ಗಿರಿಜಮ್ಮ ಒಳ್ಳೆಯವರೇ, ಆದರೆ ಚಳಿ ಎಂದರೆ ಯಮನ ನೆಂಟ ಎಂದು ನಂಬಿದವರು. ಮಗುವನ್ನು ನಡುಕೋಣೆಯಲ್ಲಿಟ್ಟು, ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟುಬಿಟ್ಟಿದ್ದರು. ಲಸಿಕೆ ಹಾಕಿಸಲು ಬಂದ ದಿನ ಶ್ರುತಿ ಮೆಲ್ಲಗೆ ಕೇಳಿದಳು.

“ಸಿಸ್ಟರ್, ಮಗೂನ್ನ ಹೊರಗ ಕರ್ಕೊಂಡು ಹೋಗಬೌದೇನ್ರಿ? ನಮ್ಮತ್ತಿ ಚಳಿಗಾಲ ಮುಗಿಯೋತನಕ ಹೊಸ್ತಿಲು ದಾಟಬ್ಯಾಡ ಅಂತಾರ. ಹೊಗಿಯೊಳಗ ಕೂತು ಇಬ್ರಿಗೂ ಕೆಮ್ಮು ಹತ್ತೈತಿ.”

“ಧಾರಾಳವಾಗಿ ಹೋಗವ್ವ. ಇಬ್ಬನಿ ಹಾರ್ಲಿ, ಎಳೆಬಿಸಿಲು ಬೀಳ್ಲಿ. ನೀನು ಹಾಕ್ಕೊಂಡಿದ್ದಕ್ಕಿಂತ ಒಂದೇ ಒಂದು ಬಟ್ಟಿ ಹೆಚ್ಚಿಗಿ ಹಾಕು. ಮುಖ ಮಾತ್ರ ಮುಚ್ಚಬ್ಯಾಡ” ಎಂದೆ.

ಅವಳು ಹಾಗೆಯೇ ಮಾಡಿದಳು. ಮೊದಲು ಜಗಲಿ, ಆಮೇಲೆ ಅಂಗಳ, ಆಮೇಲೆ ಕೊಟ್ಟಿಗೆಯ ತನಕ. ಕರುವನ್ನು ಕಂಡರೆ ಮಗು ಕೈಕಾಲು ಬಡಿದು ಕೇಕೆ ಹಾಕುತ್ತಿತ್ತಂತೆ. ಗಿರಿಜಮ್ಮ ಗೊಣಗುತ್ತಿದ್ದರು, ತಡೆಯಲಿಲ್ಲ.

ಸುಗ್ಗಿ ಬಂತು. ಭತ್ತ ಒಕ್ಕುವ ದಿನ ಮನೆಮಂದಿಯೆಲ್ಲ ಗದ್ದೆಯ ಕಣದಲ್ಲಿರಬೇಕು. ಮಗುವನ್ನೂ ಕರೆದೊಯ್ಯುತ್ತೇನೆ ಎಂದಳು ಶ್ರುತಿ. ಗಿರಿಜಮ್ಮ ಒಪ್ಪಿದರು, ಆದರೆ ಮಗುವನ್ನು ಸಿಂಗರಿಸುವುದು ತಮ್ಮ ಕೆಲಸ ಎಂದರು.

ಅಂದು ನಾನು ಅದೇ ದಾರಿಯಲ್ಲಿ ಸ್ಕೂಟಿಯಲ್ಲಿ ಬರುತ್ತಿದ್ದೆ. ಹೊತ್ತು ನೆತ್ತಿಗೇರುತ್ತಿತ್ತು. ಕಣದಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ಶ್ರುತಿಯ ಅಳು ರಸ್ತೆಗೇ ಕೇಳುತ್ತಿತ್ತು. ಗಾಡಿ ಅಲ್ಲೇ ಬಿಟ್ಟು ಓಡಿದೆ.

ಹುಲ್ಲಿನ ಬಣವೆಯ ಬುಡದಲ್ಲಿ, ಗಾಳಿ ಸೋಕದ ಮೂಲೆಯಲ್ಲಿ, ಗಿರಿಜಮ್ಮ ಕಂಬಳಿ ಸುತ್ತಿದ ಗಂಟೊಂದನ್ನು ಎದೆಗವಚಿಕೊಂಡು ಕೂತಿದ್ದರು. ಬಿಸಿಲು ನೇರವಾಗಿ ಬೀಳುತ್ತಿತ್ತು. ಸಾಲದ್ದಕ್ಕೆ ಪಕ್ಕದಲ್ಲಿ ಕೆಂಡ ಬೇರೆ.

“ಥಂಡಿ ಹೊಡ್ದೈತೆ ಸಿಸ್ಟರಮ್ಮ! ಬ್ಯಾಡ ಬ್ಯಾಡ ಅಂದೆ, ಇವ್ಳು ಕೇಳ್ಲಿಲ್ಲ. ಹಾಲು ಬಿಟ್ಟೈತೆ, ಕಣ್ಣೂ ಬಿಡ್ತಿಲ್ಲ. ಕಾಲು ಮುಟ್ಟಿ ನೋಡಿ, ಐಸ್ ಆಗೈತೆ!”

ಕಾಲು ತಣ್ಣಗಿದ್ದದ್ದು ನಿಜ. ಆದರೆ ಎಳೆಗೂಸುಗಳ ಅಂಗೈ ಅಂಗಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ, ಅದನ್ನು ನಂಬಿ ಲೆಕ್ಕ ಹಾಕಬಾರದು. ಕತ್ತಿನ ಹಿಂದೆ ಕೈ ಹಾಕಿದೆ. ಕಾವಲಿ ಮುಟ್ಟಿದ ಹಾಗಾಯಿತು. ಮುಖ ಕೆಂಪಡರಿತ್ತು, ಉಸಿರು ಏದುತ್ತಿತ್ತು, ಕೈ ಎತ್ತಿ ಬಿಟ್ಟರೆ ಜೋಲು ಬೀಳುತ್ತಿತ್ತು. ಹೊರಗೆ ಕರೆತಾ ಎಂದವಳು ನಾನೇ ಅಲ್ಲವೇ?

ಮಗುವನ್ನು ಕಿತ್ತುಕೊಂಡು ಹತ್ತಿರದ ಮಾವಿನ ಮರದ ನೆರಳಿಗೆ ಓಡಿದೆ. ಕಂಬಳಿ ಬಿಚ್ಚಿದೆ. ಒಳಗೆ ಕೌದಿ. ಅದರೊಳಗೆ ಶಾಲು, ಅದರೊಳಗೆ ಒಂದರ ಮೇಲೊಂದು ಸ್ವೆಟರ್, ತಲೆಗೆ ಕುಲಾವಿ, ಕುಲಾವಿಯ ಮೇಲೆ ಮತ್ತೆ ಮಫ್ಲರ್!

“ಅಯ್ಯಯ್ಯೋ, ಬಿಚ್ಚಬ್ಯಾಡ್ರಿ! ಬತ್ತಲೆ ಮಾಡಿ ಕೊಂದೇಬಿಡ್ತೀರಲ್ರೀ!” ಗಿರಿಜಮ್ಮ ನನ್ನ ತೋಳು ಹಿಡಿದು ಜಗ್ಗಿದರು. ಅವರ ಮಗ, ಶ್ರುತಿಯ ಗಂಡ ವೀರೇಶನೂ ಅಡ್ಡ ಬಂದ. “ಸಿಸ್ಟರ್, ಅವ್ವ ಬರೆ ಹಾಕೋರಿಗೆ ಹೇಳಿ ಕಳ್ಸ್ಯಾಳೆ. ಅವ್ರು ಬರೋತನಕ ತಡೀರಿ.”

ಬರೆ! ಕಾಯಿಸಿದ ಅರಿಶಿನ ಕೊಂಬಿನಿಂದ ಆ ಪುಟ್ಟ ಹೊಟ್ಟೆಯನ್ನು ಸುಡುವುದು! ನನಗೆ ಮೈಯೆಲ್ಲ ಉರಿದುಹೋಯಿತು.

“ಬೆಂದಿರೋ ಕೂಸಿಗೆ ಮತ್ತೆ ಬೆಂಕಿನಾ? ಥಂಡಿ ಅಲ್ಲೋ ಇದು, ಝಳ! ಮೊದ್ಲು 108ಕ್ಕೆ ಫೋನ್ ಮಾಡು!” ಎಂದು ಕಿರುಚಿದೆ.

ವೀರೇಶ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ಆಗ ಶ್ರುತಿ ಮುಂದೆ ಬಂದು, ಅತ್ತೆಯ ಕೈಯನ್ನು ನನ್ನ ತೋಳಿನಿಂದ ಬಿಡಿಸಿ, ಉಳಿದ ಸ್ವೆಟರನ್ನು ತಾನೇ ಬಿಚ್ಚಿದಳು. ವೀರೇಶ ಫೋನ್ ತೆಗೆದ.

ಥರ್ಮಾಮೀಟರ್ ನೂರಾ ಮೂರು ಡಿಗ್ರಿ ದಾಟಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕತ್ತು, ಕಂಕುಳು, ತೊಡೆಸಂದು ಒರೆಸುತ್ತಾ ಕೂತೆವು. ಆಂಬುಲೆನ್ಸ್ ಬಂದೊಡನೆ ಮಗುವನ್ನೆತ್ತಿಕೊಂಡು ಹತ್ತಿದೆವು. ಸೊರಬದ ದಾರಿಯಲ್ಲಿ ಅರ್ಧ ಹೋಗಿರಬೇಕು, ಮಗು ಮುಖ ಕಿವಿಚಿ ಸಣ್ಣಗೆ ಅತ್ತಿತು. ಶ್ರುತಿ ಎದೆಗೆ ಹಚ್ಚಿದಳು. ಚೀಪಿತು. ಹೋದ ಜೀವ ಬಂದ ಹಾಗಾಯಿತು, ನಾನೂ ಅತ್ತುಬಿಟ್ಟೆ.

ಬೇರೇನಾದರೂ ಸೋಂಕಿದೆಯೇ ಎಂದು ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು, ಏನೂ ಇರಲಿಲ್ಲ. ಮರುದಿನ ಮನೆಗೆ ಕಳಿಸಿದರು.

ವಾರ ಕಳೆದು ಆ ಮನೆಗೆ ಹೋದೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು? ತಾಯಿ ಮಗು ಮತ್ತೆ ಹೊಗೆಕೋಣೆ ಸೇರಿರುತ್ತಾರೆ ಎಂದುಕೊಂಡು, ಜಗಳಕ್ಕೆ ಸಜ್ಜಾಗಿಯೇ ಹೋಗಿದ್ದೆ. ನೋಡಿದರೆ ಗಿರಿಜಮ್ಮನೇ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಅಂಗಳದ ಎಳೆಬಿಸಿಲಿನಲ್ಲಿ ಕೂತಿದ್ದಾರೆ. ಮೈಗೆ ಒಂದೇ ಸ್ವೆಟರ್.

ಶ್ರುತಿ ಚಹಾ ತರಲು ಒಳಗೆ ಹೋದಳು. ಗಿರಿಜಮ್ಮ ದನಿ ತಗ್ಗಿಸಿದರು.

“ಸಿಸ್ಟರಮ್ಮ, ವೀರೇಶಂಗಿಂತ ಮುಂಚೆ ನಂಗೊಂದು ಗಂಡು ಇತ್ತು. ಪುಷ್ಯದ ಚಳೀಲಿ ಹೋಯ್ತು. ಅದ್ರ ಕಾಲೂ ಹಿಂಗೇ ತಣ್ಣಗಿದ್ವು. ಮೈ ಸುಡ್ತಿತ್ತು. ಮನೇಲಿದ್ದ ಕಂಬ್ಳಿನೆಲ್ಲ ನಾನೇ ಹೊದ್ಸಿದ್ದೆ. ಹಂಗಾದ್ರೆ...”

ನಾನು ಪಕ್ಕದಲ್ಲಿ ಕೂತೆ. “ಆ ಮಗೂನ್ನ ನಾನು ನೋಡಿಲ್ಲ ಗಿರಿಜಮ್ಮೋರೆ. ಏನು ಕಾಯಿಲೆ ಇತ್ತೋ, ಈಗ ಯಾರಿಗೂ ಹೇಳಾಕಾಗಲ್ಲ” ಎಂದೆ. ಅದು ನಿಜ. ಆ ನಿಜದಿಂದ ಅವರಿಗೆ ಸಮಾಧಾನವಾಗಲಿಲ್ಲವೆಂಬುದೂ ನನಗೆ ಕಾಣುತ್ತಿತ್ತು. ಆ ದಿನದ ಉಳಿದ ಮನೆಗಳನ್ನು ನಾಳೆಗೆ ಬಿಟ್ಟು, ಅವರು ಅತ್ತು ಮುಗಿಸುವ ತನಕ ಅಲ್ಲೇ ಇದ್ದೆ.

ತಾಯಂದಿರಿಗೆ ಹೊಸದೇನನ್ನಾದರೂ ಹೇಳಿಕೊಟ್ಟರೆ ಅದು ಮಡಿಲಲ್ಲಿರುವ ಮಗುವಿಗಷ್ಟೇ ನಿಲ್ಲುವುದಿಲ್ಲ, ಮಣ್ಣಿಗಿಟ್ಟು ಬಂದ ಮಗುವಿಗೂ ಹೋಗಿ ತಾಕುತ್ತದೆ. ಕೆಲಸ ನನಗೆ ಕಲಿಸಿದ್ದು ಇದು. ಅಂದಿನಿಂದ ನಿವೃತ್ತಿಯಾಗುವ ತನಕ ಯಾವ ಅಜ್ಜಿಗೂ ನಾನು “ನಿಮಗೇನು ಗೊತ್ತು” ಎನ್ನಲಿಲ್ಲ.