ಟೀಪಾಯಿಯ ಅಡಿಯ ತೂತುಗಳು

ಮೊನ್ನೆ ಗಜೇಂದ್ರಗಡದ ಒಂದು ಮನೆಯಲ್ಲಿ ಟೀಪಾಯಿಯ ಮೇಲೆ ಚಹಾದ ಕಪ್ಪು ಇಡುವಾಗ ನನ್ನ ಬೆರಳು ಹಲಗೆಯ ಅಡಿಗೆ ತಾಗಿತು. ಅಲ್ಲಿ ಸಾಲು ಸಾಲು ಸಣ್ಣ ತೂತುಗಳಿದ್ದವು, ಮರದ ಪುಡಿಗೆ ಅಂಟು ಕಲಸಿ ಮುಚ್ಚಿದವು. ಬೆರಳು ಅಲ್ಲೇ ನಿಂತಿತು...

ಅದು ಬಡಿಗ್ಯಾರ ಕಾಕಾನ ಮನೆ. ರಕ್ತಸಂಬಂಧವೇನಲ್ಲ, ನಮ್ಮಪ್ಪನ ಗೆಳೆಯ. ಅವನು ತೀರಿ ತಿಂಗಳಾಗಿತ್ತು. ಮಣ್ಣಿಗೆ ಹೋಗಲು ಆಗಿರಲಿಲ್ಲವೆಂದು ಸೊಸೆಯನ್ನು ಮಾತಾಡಿಸಿ ಬರಲು ಹೋಗಿದ್ದೆ.

ಹೊಳೆಆಲೂರಿನ ಸ್ಟೇಷನ್ ಹತ್ತಿರ ಅಪ್ಪನ ಚಹಾದಂಗಡಿ. ಮೂಲೆಯಲ್ಲೊಂದು ಹಳೆಯ ಪಿನ್‌ಬಾಲ್ ಪೆಟ್ಟಿಗೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲೇರಿ, ಮೊಳೆಗಳಿಗೆ ಬಡಿಯುತ್ತ ಇಳಿಯುತ್ತಿತ್ತು. ಎಡಗಡೆಯಿಂದ ಸುಮ್ಮನೆ ಜಾರಿಹೋಗುತ್ತದೆಂದು ಅಪ್ಪ ಅಲ್ಲೊಂದು ಹೆಚ್ಚಿನ ಮೊಳೆ ಹೊಡೆದಿದ್ದ, ಅದೂ ಸೊಟ್ಟಗೆ.

ಅಪ್ಪ ತೀರಿಕೊಂಡ ವರ್ಷವೇ ಹೊಳೆ ಅಂಗಡಿಗೆ ನುಗ್ಗಿತು. ಪೆಟ್ಟಿಗೆ ಎರಡು ದಿನ ನೀರಲ್ಲಿ ನಿಂತಿತು. ಅಂಗಡಿ ಆಗ ನನ್ನ ಕೈಯಲ್ಲಿತ್ತು. ಬೇರೇನು ಹಾಳಾದರೂ ಆಗಲಿ, ಅಪ್ಪನ ಆಟ ಮತ್ತೆ ಆ ಮೂಲೆಯಲ್ಲಿ ನಿಲ್ಲಬೇಕೆಂಬುದು ನನ್ನ ಹಟ. ಕಾಕಾನನ್ನು ಕರೆಸಿದೆ. ಮುಂಬೈಯ ಮರಗೆಲಸದ ಕಾರ್ಖಾನೆಯಲ್ಲಿ ದುಡಿದು ಬಂದವನು, ಉಗುರೂರಿ, ಮೂಸಿ ಮರದ ಜಾತಿ ಹೇಳುತ್ತಿದ್ದ.

"ಪೆಟ್ಟಿಗಿ ಪೈನ್ ಐತಿ, ಹಗೂರ ಮರ. ಅಂಚಿನ ಪಟ್ಟಿ ಓಕ್. ಗುಂಡ ಓಡೂ ಹಲಗಿ ಮಾತ್ರ ಮೇಪಲ್, ಪದರ ಪದರ ಕೂಡ್ಸಿದ್ದು. ಇಂಥಾದ್ದು ನಮ್ಮ ಕಡೆ ಹುಟ್ಟೂದಿಲ್ಲವಾ. ಎಷ್ಟ ಬಡದ್ರೂ ತಗ್ಗ ಬೀಳೂದಿಲ್ಲ," ಎಂದ. ಹಲಗೆಯ ಮೇಲಿಂದ ಅವನ ಕೈ ಏಳಲೇ ಇಲ್ಲ. ಗೆಳೆಯನ ನೆನಪಿಗೆ ಸವರುತ್ತಿದ್ದಾನೆ ಅಂದುಕೊಂಡೆ. ನನ್ನಂಥ ಪೆದ್ದಿ ಯಾರಿದ್ದಾರು! ಎಲ್ಲವನ್ನೂ ಗಾಡಿಗೆ ಹೇರಿ ನಾನೇ ಕಳಿಸಿದೆ.

ಎಂಟು ದಿನದ ಮೇಲೆ ಬಂದ. ಅಂಗೈಯಲ್ಲಿ ಉಕ್ಕಿನ ಗುಂಡೊಂದೇ ಇತ್ತು.

"ಪದರೆಲ್ಲಾ ಬಿಚ್ಚಿದ್ದುವಾ. ಒಲಿಗೆ ಹಾಕಬೇಕಾತು. ಇದಿಷ್ಟ ಉಳೀತ ನೋಡ," ಎಂದು ಕಣ್ಣೊರೆಸಿಕೊಂಡ. ನಾನೇ ಅವನಿಗೆ ಸಮಾಧಾನ ಹೇಳಿ, ಬಿಸಿ ರೊಟ್ಟಿ ಬಡಿದು ಹಾಕಿದೆ.

ಆಮೇಲೆ ಪ್ರತಿ ಪಂಚಮಿಗೆ ಬಂದು ನನ್ನ ಕೈಯ ಉಂಡಿ ತಿಂದು ಹೋಗುತ್ತಿದ್ದ. ತನ್ನ ಮನೆಗೆ ಮಾತ್ರ ಒಮ್ಮೆಯೂ ಕರೆಯಲಿಲ್ಲ. "ಅಷ್ಟ ದೂರ ನೀ ಯಾಕ ಬರ್ತಿ, ನಾನ ಬರ್ತೀನಿ," ಅನ್ನುತ್ತಿದ್ದ. ಎಂಥ ಅಂತಃಕರಣ ಅಂದುಕೊಳ್ಳುತ್ತಿದ್ದೆ...

ಮೊನ್ನೆ ಬೆರಳನ್ನು ಇನ್ನಷ್ಟು ಒಳಗೆ ಸರಿಸಿದೆ. ಎಡಗಡೆ, ಸಾಲು ಬಿಟ್ಟು, ಸೊಟ್ಟಗೊಂದು ತೂತು. ಅಪ್ಪನ ಮೊಳೆಯದು.

ಸೊಸೆ ಹೆಮ್ಮೆಯಿಂದ ಹೇಳಿದಳು: "ಭಾಳ ಚಲೋ ಮರ ಐತ್ರಿ ಅಕ್ಕಾ. ಮಾವಾರು ಯಾರಿಗೂ ಮುಟ್ಟಗೊಡ್ತಿರ್ಲಿಲ್ರಿ. ಯಾರೋ ಬ್ಯಾಡಂತ ಬಿಸಾಕಿದ್ರಂತ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಹರಿಹಾಯಲಿ? ಅವನು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ. ಆ ಹುಡುಗಿಯದೇನು ತಪ್ಪು? "ಹೌದವಾ, ಚಲೋ ಮರ," ಎಂದು ಎದ್ದು ಬಂದೆ.

ಅವನು ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಗುಂಡು ಇಂದಿಗೂ ಅಂಗಡಿಯ ದುಡ್ಡಿನ ಗಲ್ಲೆಯಲ್ಲಿದೆ. ಗಲ್ಲೆ ಎಳೆದಾಗೆಲ್ಲ ಉರುಳಿ ಮುಂದೆ ಬರುತ್ತದೆ. ಅಪ್ಪ ಹೋದಮೇಲೆ ಅಪ್ಪನ ಜಾಗದಲ್ಲಿ ನಾನು ಕಂಡವನು ಕಾಕಾ ಒಬ್ಬನೇ. ಊರವರ ಪಾಲಿಗೆ ಅವನು ಹೋಗಿ ತಿಂಗಳಾಯಿತು. ನನ್ನ ಪಾಲಿಗೆ ಹೋದದ್ದು ಮೊನ್ನೆ.